ಜಾರ್ಜ್ ವಾಷಿಂಗ್ಟನನ ಕಡೇ ದಿವಸ

ಹಳ್ಳಿಯ ಮನೆಗಳಲ್ಲಿ ರೋಗಿಗಳನ್ನು ಕಾಣಲಿಕ್ಕೆ ಹೋಗುವ ನಾವು ಒಂದು ಸಂಗತಿಯನ್ನು ಮೇಲಿಂದ ಮೇಲೆ ನೋಡಿದ್ದೇವೆ. ಮುದುಕನೊಬ್ಬನು ಬದುಕುವ ಆಶೆಯಿಲ್ಲದೆ ಮಲಗಿರುವಾಗ ಮಕ್ಕಳು ಜಗಲಿಯಲ್ಲಿ ಕೂತು, ಇನ್ನೊಂದು ಆಸ್ಪತ್ರೆಗೆ ಒಯ್ಯೋಣವೋ, ಇನ್ನೂ ಸಾಲ ಮಾಡೋಣವೋ, ಊರವರು ಏನನ್ನುವರೋ ಎಂದು ಮೆಲ್ಲಗೆ ಮಾತಾಡಿಕೊಳ್ಳುತ್ತಾರೆ. ಒಳಗೆ ಮಲಗಿದವನನ್ನು ಮಾತ್ರ ಯಾರೂ ಕೇಳುವದಿಲ್ಲ. ಆತನ ಮುಂದೆ ಸಾವಿನ ಮಾತೆತ್ತುವದೇ ಅಪಶಕುನವೆಂದು ಎಣಿಸುತ್ತಾರೆ. ಇಂಥಾ ಸಮಯದಲ್ಲಿ ರೋಗಿಯೂ ವೈದ್ಯರೂ ಮನೆಯವರೂ ಹೇಗೆ ನಡೆದುಕೊಳ್ಳಬೇಕೆಂಬದನ್ನು ಆಲೋಚಿಸುವದಕ್ಕೆ ಅಮೇರಿಕ ದೇಶದ ಮೊದಲನೆಯ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನನ ಚರಿತ್ರೆಯು ಸಹಾಯವಾಗುವದರಿಂದ ಅದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಆತನು 1732ನೇ ಇಸವಿ ಫೆಬ್ರವರಿ 22ರಲ್ಲಿ ವರ್ಜೀನಿಯಾ ಸೀಮೆಯಲ್ಲಿ ಹುಟ್ಟಿದನು. ಆಗ ಆ ಸೀಮೆಯು ಇಂಗ್ಲಿಷ್ ಅರಸನ ಕೈಕೆಳಗಿತ್ತು. ಸಾವು ಆತನಿಗೆ ಚಿಕ್ಕಂದಿನಿಂದಲೂ ಪರಿಚಿತವಾಗಿತ್ತು. ಹನ್ನೊಂದು ವರುಷದವನಿರುವಾಗ ತಂದೆಯು ತೀರಿಹೋದನು. ತಂದೆಯ ಮೊದಲನೆಯ ಹೆಂಡತಿಯ ಮಗನಾದ ಲಾರೆನ್ಸನೆಂಬ ಅಣ್ಣನು ಕ್ಷಯರೋಗದಿಂದ ಬಳಲಿದಾಗ, 1751ರಲ್ಲಿ ಆತನ ಸಂಗಡ ಬಾರ್ಬಡೋಸ್ ದ್ವೀಪಕ್ಕೆ ಹೋಗಿ, ಅಲ್ಲಿ ತಾನೇ ಸಿಡುಬಿಗೆ ಬಿದ್ದು ಬದುಕಿಕೊಂಡನು. ಮರುವರುಷ ಅಣ್ಣನು ತೀರಿಹೋದನು. 1755ರ ಒಂದು ಯುದ್ಧದಲ್ಲಿ ಆತನು ಹತ್ತಿದ ಎರಡು ಕುದುರೆಗಳು ಗುಂಡು ತಗಲಿ ಬಿದ್ದವು. ಅಂಗಿಯನ್ನು ಗುಂಡುಗಳು ತೂರಿಹೋದವು. ಆದರೂ ಮೈಗೆ ಗಾಯವಾಗಲಿಲ್ಲ. 1759ರಲ್ಲಿ ಮಾರ್ಥಾ ಎಂಬ ವಿಧವೆಯನ್ನು ಮದುವೆಯಾದನು. ಸ್ವಂತ ಮಕ್ಕಳು ಹುಟ್ಟಲಿಲ್ಲ. ಮಕ್ಕಳಂತೆ ಸಾಕಿದ ಆಕೆಯ ಮಗಳು 1773ರಲ್ಲಿ ಮೂರ್ಛೆರೋಗದಿಂದಲೂ, ಮಗನು 1781ರಲ್ಲಿ ದಂಡಿನ ಪಾಳೆಯದ ಜ್ವರದಿಂದಲೂ ಸತ್ತರು.

1775ರಲ್ಲಿ ಅಮೇರಿಕದವರು ಅರಸನ ಆಳಿಕೆಗೆ ಎದುರುಬಿದ್ದಾಗ ವಾಷಿಂಗ್ಟನನು ಅವರ ಸೇನಾಧಿಪತಿಯಾದನು. ಸಿಡುಬಿನಿಂದ ದಂಡು ಕ್ಷೀಣಿಸುವದನ್ನು ಕಂಡು, 1777ರಲ್ಲಿ ಸಿಡುಬಿನ ಕೀವನ್ನು ಚರ್ಮದೊಳಗೆ ಸೇರಿಸಿ ರೋಗವನ್ನು ತಡೆಯುವ ಆ ಕಾಲದ ಪದ್ಧತಿಯನ್ನು ಸಿಪಾಯಿಗಳಿಗೆ ಮಾಡಿಸಿದನು. ಆತನು ಔಷಧವನ್ನು ತಾತ್ಸಾರಮಾಡಿದವನಲ್ಲವೆಂದು ಇದರಿಂದ ತಿಳಿಯುವದು. ಯುದ್ಧವನ್ನು ಗೆದ್ದ ಮೇಲೆ 1789ರಿಂದ 1797ರ ವರೆಗೆ ಅಧ್ಯಕ್ಷನಾಗಿದ್ದು, ಬಳಿಕ ಅಧಿಕಾರವನ್ನು ತಾನಾಗಿ ಬಿಟ್ಟುಕೊಟ್ಟು, ಪೊಟೊಮ್ಯಾಕ್ ಹೊಳೆಯ ದಡದಲ್ಲಿದ್ದ ಮೌಂಟ್ ವರ್ನನ್ ಎಂಬ ತನ್ನ ಹೊಲಮನೆಗೆ ಹಿಂದಿರುಗಿದನು.

ಆ ಹೊಲಗಳಲ್ಲಿ ದುಡಿಯುತ್ತಿದ್ದ ಸುಮಾರು 300 ಮಂದಿ ದಾಸರಾಗಿದ್ದರು. ಅವರಲ್ಲಿ 120ಕ್ಕಿಂತ ಹೆಚ್ಚು ಮಂದಿ ಆತನ ಸ್ವಂತ ದಾಸರು. ಸ್ವಾತಂತ್ರ್ಯಕ್ಕೋಸ್ಕರ ಹೋರಾಡಿದವನು ಜೀವಮಾನವೆಲ್ಲಾ ಮನುಷ್ಯರನ್ನು ಸೊತ್ತಿನಂತೆ ಇಟ್ಟುಕೊಂಡದ್ದು ಆತನ ದೊಡ್ಡ ಕುಂದು. ಅದನ್ನು ನಾವು ಮರೆಮಾಡುವದಿಲ್ಲ. 1799ರ ಜುಲೈ ತಿಂಗಳಲ್ಲಿ, ಮೈಯಲ್ಲಿ ರೋಗವಿಲ್ಲದಿರುವಾಗಲೇ, ಆತನು ಸ್ವಂತ ಕೈಯಿಂದ ಮರಣಶಾಸನವನ್ನು ಬರೆದನು. ಹೆಂಡತಿಯ ಕಾಲಾನಂತರ ತನ್ನ ದಾಸರೆಲ್ಲರಿಗೂ ಬಿಡುಗಡೆಯಾಗಬೇಕೆಂದೂ, ಅವರಲ್ಲಿ ಮುದುಕರಿಗೂ ಅಶಕ್ತರಿಗೂ ಅನ್ನವಸ್ತ್ರ ಕೊಡಬೇಕೆಂದೂ ಅದರಲ್ಲಿ ಆಜ್ಞಾಪಿಸಿದನು. ಮಾರ್ಥಾ ತನ್ನ ಮರಣದ ವರೆಗೆ ಕಾಯದೆ 1801ರ ಜನವರಿ 1ರಲ್ಲಿ ಅವರನ್ನು ಬಿಡುಗಡೆಮಾಡಿದಳು.

ಅದೇ 1799ರ ಡಿಸೆಂಬರ್ 12ರಲ್ಲಿ ವಾಷಿಂಗ್ಟನನು ಹಿಮವೂ ಆಲಿಕಲ್ಲೂ ಮಳೆಯೂ ಸುರಿಯುತ್ತಿರಲಾಗಿ ಕುದುರೆಯೇರಿ ಹೊಲಗಳನ್ನು ನೋಡಿಬಂದು, ಒದ್ದೆಯಾದ ಬಟ್ಟೆಯಲ್ಲೇ ಊಟಕ್ಕೆ ಕೂತನು. ಮರುದಿನ ಗಂಟಲು ನೋಯಿತು. ಔಷಧ ತಕ್ಕೊಳ್ಳೆಂದು ಹೇಳಿದರೆ, ಬಂದ ಹಾಗೆಯೇ ಹೋಗಲಿ ಎಂದು ಬಿಟ್ಟನು. 14ನೇ ತಾರೀಖಿನ ನಡುರಾತ್ರಿ ದಾಟಿದ ಮೇಲೆ ಉಸಿರು ಕಟ್ಟಿ ಎಚ್ಚತ್ತನು. ಮಾರ್ಥಾ ಆಳನ್ನು ಕರೆಯಲಿಕ್ಕೆ ಏಳಹೋದಾಗ, ಚಳಿಯಲ್ಲಿ ನಿನಗೂ ಶೀತವಾದೀತೆಂದು ತಡೆದು, ಬೆಳಗಿನ ವರೆಗೆ ತಾಳಿಕೊಂಡನು.

ಆ ಕಾಲದಲ್ಲಿ ಅನೇಕ ರೋಗಗಳಿಗೆ ರಕ್ತ ತೆಗೆಯುವದೇ ಚಿಕಿತ್ಸೆಯಾಗಿತ್ತು. ವಾಷಿಂಗ್ಟನನು ತಾನೇ ಅದನ್ನು ಬಯಸಿ, ವೈದ್ಯರು ಬರುವದಕ್ಕೆ ಮುಂಚೆ ಹೊಲದ ಮೇಲ್ವಿಚಾರಕನಿಂದ ರಕ್ತ ತೆಗೆಸಿಕೊಂಡನು. ಹೆಚ್ಚು ತೆಗೆಯಬೇಡವೆಂದು ಮಾರ್ಥಾ ಬೇಡಿಕೊಂಡಳು. ಆತನೇ ಇನ್ನೂ ತೆಗೆಯೆಂದನು. ಬಳಿಕ ಬಹುಕಾಲದ ಸ್ನೇಹಿತನಾದ ಕ್ರೇಕ್ ಎಂಬ ವೈದ್ಯನೂ, ಮಧ್ಯಾಹ್ನದ ಮೇಲೆ ಡಿಕ್, ಬ್ರೌನ್ ಎಂಬ ಇನ್ನಿಬ್ಬರೂ ಬಂದರು. ಒಂದು ಬಗೆಯ ಹುಳದ ಪುಡಿಯನ್ನು ಗಂಟಲಿಗೆ ಹಚ್ಚಿ ಬೊಬ್ಬೆ ಎಬ್ಬಿಸಿದರು. ಕಷಾಯದಿಂದ ಬಾಯಿ ಮುಕ್ಕಳಿಸಹೇಳಿದರು. ಒಟ್ಟು ನಾಲ್ಕು ಸಾರಿ ತೆಗೆದ ರಕ್ತವು ಎರಡು ಲೀಟರಿಗಿಂತ ಹೆಚ್ಚಾಗಿತ್ತು. ಮೂವರಲ್ಲಿ ಚಿಕ್ಕವನಾದ ಡಿಕ್ಕನು, ಇನ್ನು ರಕ್ತ ತೆಗೆದರೆ ಬಲಗುಂದುವದೆಂದೂ, ಕುತ್ತಿಗೆಯಲ್ಲಿ ರಂಧ್ರಮಾಡಿ ಉಸಿರಿಗೆ ದಾರಿ ಬಿಡಬೇಕೆಂದೂ ಹೇಳಿದನು. ಹಿರಿಯರು ಒಪ್ಪಲಿಲ್ಲ. ಗಂಟಲಿನಲ್ಲಿ ಶ್ವಾಸನಾಳವನ್ನು ಮುಚ್ಚುವ ಚಿಕ್ಕ ಮುಚ್ಚಳದಂಥ ಅಂಗವು ಬಾತುಹೋಗಿರಬೇಕೆಂದು ಈ ಕಾಲದ ಅನೇಕ ವೈದ್ಯರು ಎಣಿಸುತ್ತಾರೆ.

ಸಾಯಂಕಾಲ ನಾಲ್ಕೂವರೆ ಗಂಟೆಯ ಹೊತ್ತಿಗೆ ವಾಷಿಂಗ್ಟನನು ಹೆಂಡತಿಯನ್ನು ಕರೆದು ತನ್ನ ಎರಡು ಮರಣಶಾಸನಗಳನ್ನು ತರಿಸಿ, ನಿರುಪಯೋಗವಾದ ಹಳೆಯದನ್ನು ಸುಡಿಸಿ, ಹೊಸದನ್ನು ಆಕೆಯ ಕೈಗೆ ಒಪ್ಪಿಸಿದನು. ಆ ಮೇಲೆ ಕ್ರೇಕನಿಗೆ, ಪ್ರಾಣ ಹೋಗುವದು ಕಷ್ಟವಾಗಿದ್ದರೂ ಹೋಗುವದಕ್ಕೆ ತನಗೆ ಭಯವಿಲ್ಲವೆಂದನು. ಸ್ನೇಹಿತನು ಉತ್ತರ ಕೊಡಲಾರದೆ ಕೈಯನ್ನು ಒತ್ತಿ, ಬೆಂಕಿಯ ಬಳಿಯಲ್ಲಿ ಹೋಗಿ ಕೂತನು. ಸ್ವಲ್ಪ ಹೊತ್ತಿನ ಮೇಲೆ ವಾಷಿಂಗ್ಟನನು ಮೂವರಿಗೂ ಉಪಕಾರ ಹೇಳಿ, ಇನ್ನು ತನಗೋಸ್ಕರ ಶ್ರಮಪಡದೆ ನೆಮ್ಮದಿಯಾಗಿ ಹೋಗಗೊಡಬೇಕೆಂದು ಕೇಳಿಕೊಂಡನು. ಅವರು ಹಾಗೆ ಬಿಡಲಾರದೆ, ಎಂಟು ಗಂಟೆಗೆ ಕಾಲುಗಳಿಗೆ ಮತ್ತೆ ಲೇಪವನ್ನೂ ಗೋಧಿತೌಡಿನ ಪಟ್ಟಿಯನ್ನೂ ಕಟ್ಟಿದರು. ಅದು ಪ್ರೀತಿಯಿಂದ ಮಾಡಿದ್ದೇ ಸರಿ; ಆದರೆ ಸಾಯುವವನ ಮಾತನ್ನು ಕೇಳುವದು ಪ್ರೀತಿಸುವವರಿಗೂ ಎಷ್ಟು ಕಠಿಣವೆಂಬದನ್ನು ಇಲ್ಲಿ ನೋಡುತ್ತೇವೆ.

ಆ ಕೋಣೆಯಲ್ಲಿ ಕ್ರಿಸ್ಟೋಫರ್ ಶೀಲ್ಸ್ ಎಂಬ ದಾಸನು ಬೆಳಗಿನಿಂದ ನಿಂತೇ ಇದ್ದನು. ಉಸಿರಿಗಾಗಿ ಒದ್ದಾಡುತ್ತಿದ್ದ ಯಜಮಾನನು ಅದನ್ನು ಗಮನಿಸಿ, ಕೂತುಕೊಳ್ಳೆಂದು ಸನ್ನೆಮಾಡಿದನು. ಹತ್ತು ಗಂಟೆಯ ಹೊತ್ತಿಗೆ ತನ್ನ ಕಾರ್ಯದರ್ಶಿಯಾದ ಟೋಬಾಯಸ್ ಲಿಯರನಿಗೆ, ಸತ್ತ ಕೂಡಲೆ ಸಮಾಧಿಯಲ್ಲಿ ಇಡಬಾರದು, ಕೆಲವು ದಿವಸ ಕಾಯಬೇಕೆಂದು ಹೇಳಿ, ತಿಳಿಯಿತೋ ಎಂದು ಕೇಳಿ ಖಂಡಿತಮಾಡಿಕೊಂಡನು. ಜೀವಂತರನ್ನು ಹೂಣಿಟ್ಟಾರೆಂಬ ಭಯವು ಆ ಕಾಲದಲ್ಲಿ ಬಹು ಜನರಿಗಿತ್ತು. ಬಳಿಕ ತನ್ನ ನಾಡಿಯನ್ನು ತಾನೇ ಹಿಡಿದುನೋಡುತ್ತಾ, ಹನ್ನೊಂದು ಗಂಟೆಯೊಳಗೆ ಪ್ರಾಣ ಬಿಟ್ಟನು. ಬೋಧಕನು ಬಂದನೆಂದಾಗಲಿ ಪ್ರಾರ್ಥನೆ ನಡೆಯಿತೆಂದಾಗಲಿ ಲಿಯರನ ಬರಹದಲ್ಲಿ ಇಲ್ಲ. ಇಲ್ಲದ್ದನ್ನು ನಾವು ಸೇರಿಸಬಾರದು. ಡಿಸೆಂಬರ್ 18ರಲ್ಲಿ, ಆತನು ಕೇಳಿಕೊಂಡಂತೆ ಕಾದ ಬಳಿಕ, ಸಮಾಧಿಮಾಡಿದರು. ಡಿಕ್ಕನ ಮಾತನ್ನು ಕೇಳಬೇಕಾಗಿತ್ತೆಂದು ಬ್ರೌನನು ತರುವಾಯ ಒಪ್ಪಿಕೊಂಡನು.

ವಾಷಿಂಗ್ಟನನು ಸಾವನ್ನು ಹುಡುಕಿಕೊಂಡು ಹೋಗಲಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ಬೆಳಿಗ್ಗೆ ಚಿಕಿತ್ಸೆಯನ್ನು ತಾನೇ ಬಯಸಿದನು. ಅದರಿಂದ ಪ್ರಯೋಜನವಿಲ್ಲವೆಂದು ಕಂಡಾಗ ಸಾಕೆಂದನು. ವಾಸಿಯಾಗುವ ರೋಗಕ್ಕೆ ಔಷಧ ಕೊಡಿಸದಿರುವದು ಅಪರಾಧ. ವಾಸಿಯಾಗದವನ ಸಂಕಟವನ್ನು ಉದ್ದಮಾಡುವದು ಔಷಧವಲ್ಲ. ಪ್ರಾಣ ತೆಗೆಯಲಿಕ್ಕೆ ಮದ್ದು ಕೊಡುವದನ್ನು ನಮ್ಮ ದೇಶದ ಕಾನೂನು ಒಪ್ಪುವದಿಲ್ಲ. ಆದರೆ ಬದುಕುವ ಆಶೆಯಿಲ್ಲದಾಗ ಯಂತ್ರಗಳಿಂದ ಉಸಿರನ್ನು ಎಳೆಯುವದು ಬೇಡವೆಂದು ಮುಂಚಿತವಾಗಿ ಬರೆದಿಡಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪುಕೊಟ್ಟು, 2023ರಲ್ಲಿ ಅದರ ಕ್ರಮವನ್ನು ಸುಲಭಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ರುಜುಹಾಕಿ, ನೋಟರಿಯಿಂದಾಗಲಿ ಗೆಜೆಟೆಡ್ ಅಧಿಕಾರಿಯಿಂದಾಗಲಿ ದೃಢೀಕರಿಸಿಕೊಂಡರೆ ಸಾಕು. ಇದನ್ನು ಆಸ್ಪತ್ರೆಗಳಲ್ಲಿ ನಡಿಸುವದಕ್ಕೆ ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಸುತ್ತೋಲೆಯನ್ನು ಹೊರಡಿಸಿತು.

ಕಾಗದ ಬರೆಯಲಾರದ ಮನೆಗಳು ನಮ್ಮಲ್ಲಿ ಅನೇಕವುಂಟು. ಅಲ್ಲಿಯೂ ಒಂದು ಕೆಲಸವನ್ನು ಮಾಡಬಹುದು. ತಂದೆಯಾಗಲಿ ತಾಯಿಯಾಗಲಿ ಗಟ್ಟಿಯಾಗಿರುವಾಗಲೇ ಅವರ ಬಳಿಯಲ್ಲಿ ಕೂತು, ಅಂಥಾ ಹೊತ್ತು ಬಂದರೆ ನಿಮ್ಮ ಇಷ್ಟವೇನೆಂದು ಮರ್ಯಾದೆಯಿಂದ ಕೇಳಿ, ಅವರು ಹೇಳಿದ್ದನ್ನು ನೆನಪಿಟ್ಟುಕೊಳ್ಳಿರಿ. ಆಗ ಜಗಲಿಯಲ್ಲಿ ಕೂತವರು ಊರವರ ಮಾತಿಗೆ ಹೆದರಬೇಕಾಗುವದಿಲ್ಲ.