ಮಕ್ಕಳ ತೋಟವೂ ಮಂತ್ರಿಯ ಆಜ್ಞೆಯೂ: ಫ್ರೋಬೆಲನ ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಪೇಟೆಗಳಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಇಂದು ಎಲ್.ಕೆ.ಜಿ., ಯು.ಕೆ.ಜಿ. ಎಂಬ ಹೆಸರುಗಳನ್ನು ಅರಿಯದ ತಾಯಿಯಿಲ್ಲ. ಕಬ್ಬಿನ ಗದ್ದೆಯಲ್ಲಿ ದುಡಿಯುವವಳೂ ಕಚೇರಿಗೆ ಹೋಗುವವಳೂ ಜೂನ್ ತಿಂಗಳು ಸಮೀಪಿಸಿತೆಂದರೆ ತನ್ನ ಎಳೆಯ ಕೂಸನ್ನು ಎಲ್ಲಿಗೆ ಸೇರಿಸಲೆಂಬ ಯೋಚನೆಯಲ್ಲಿರುತ್ತಾಳೆ. ಆದರೆ ಕೆ.ಜಿ. ಎಂಬ ಈ ಎರಡು ಅಕ್ಷರಗಳು ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಪದದ ಮೊಟಕು ರೂಪವೆಂಬುದನ್ನೂ, ಆ ಪದಕ್ಕೆ ಮಕ್ಕಳ ತೋಟವೆಂದು ಅರ್ಥವೆಂಬುದನ್ನೂ ಬಲ್ಲವರು ಕೆಲವರೇ. ಆ ತೋಟವನ್ನು ಹಾಕಿದಾತನು ಬದುಕಿರುವಾಗಲೇ ಒಂದು ದೊಡ್ಡ ರಾಜ್ಯದ ಸರಕಾರವು ಆಜ್ಞೆ ಹೊರಡಿಸಿ ಅದನ್ನು ಮುಚ್ಚಿಸಿತೆಂಬುದನ್ನು ಬಲ್ಲವರು ಇನ್ನೂ ಕಡಮೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಕೆಲವರು ಶಿಶುವಿಹಾರಗಳ ಉಪಾಧ್ಯಾಯಿನಿಯರು. ಅವರಿಗೋಸ್ಕರವಾಗಿ ಫ್ರೆಡ್ರಿಕ್ ಫ್ರೋಬೆಲನ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಫ್ರೋಬೆಲನು 1782ನೆಯ ಇಸವಿ ಏಪ್ರಿಲ್ 21ರಂದು ಜರ್ಮನಿಯ ತುರಿಂಗಿಯವೆಂಬ ಕಾಡುಸೀಮೆಯ ಓಬರ್‌ವೈಸ್‌ಬಾಖ್ ಗ್ರಾಮದಲ್ಲಿ ಜನಿಸಿದನು. ತಂದೆಯು ಲೂಥರನ್ ಸಭೆಯ ಬೋಧಕನು; ಸಭೆಯ ಕಾರ್ಯಭಾರದಿಂದಾಗಿ ಮನೆಯ ಕಡೆಗೆ ಗಮನವೀಯಲು ಆತನಿಗೆ ಬಿಡುವಿರಲಿಲ್ಲ. ಕೂಸಿಗೆ ಒಂಬತ್ತು ತಿಂಗಳಾದಾಗಲೇ ತಾಯಿಯು ತೀರಿಕೊಂಡಳು. ಮಲತಾಯಿಯು ಮೊದಮೊದಲು ಅಕ್ಕರೆಯಿಂದ ಕಂಡರೂ ತನಗೊಂದು ಮಗು ಹುಟ್ಟಿದ ಮೇಲೆ ಈತನನ್ನು ದೂರವಿರಿಸಿದಳು. ಊರಿನ ಗಂಡುಮಕ್ಕಳ ಶಾಲೆಯ ಉಪಾಧ್ಯಾಯನ ವಿಷಯದಲ್ಲಿ ತಂದೆಗೆ ನಂಬಿಕೆಯಿಲ್ಲದಿದ್ದುದರಿಂದ ಹುಡುಗನನ್ನು ಹೆಣ್ಣುಮಕ್ಕಳ ಶಾಲೆಗೆ ಕಳುಹಿಸಿದನು. ಮುಂದೆ ಸ್ತ್ರೀಯರನ್ನೇ ಶಿಶುಗಳ ಗುರುಗಳನ್ನಾಗಿ ಮಾಡಿದ ಮಹನೀಯನು ಬಾಲಿಕೆಯರ ನಡುವೆ ಕುಳಿತು ಮೊದಲ ಪಾಠವನ್ನು ಕಲಿತನೆಂಬುದನ್ನು ನಮ್ಮ ಶಾಲೆಯ ಪುಟಗಳಲ್ಲಿ ಬರೆಯಲು ನಮಗೆ ಸಂತೋಷವಾಗುತ್ತದೆ. ಹತ್ತನೆಯ ವರುಷದಲ್ಲಿ ಸೋದರಮಾವನು ತನ್ನ ಮನೆಗೆ ಕರೆದುಕೊಂಡು ಹೋದನು. ಪ್ರೀತಿಯೆಂದರೇನೆಂಬುದು ಹುಡುಗನಿಗೆ ಅಲ್ಲಿ ತಿಳಿಯಿತು.

ಆ ಮೇಲಿನ ವರುಷಗಳು ಅಲೆದಾಟದಲ್ಲಿ ಕಳೆದುವು. ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಸ ಕಲಿತನು. ಯೇನಾ ವಿಶ್ವವಿದ್ಯಾನಿಲಯವನ್ನು ಸೇರಿ, ಸಾಲ ತೀರಿಸಲಾರದೆ ಅಲ್ಲಿಯ ಬಂದೀಖಾನೆಯಲ್ಲಿ ಒಂಬತ್ತು ವಾರ ಇದ್ದನು. ಕಡೆಗೆ 1805ರಲ್ಲಿ ಫ್ರಾಂಕ್‌ಫರ್ಟ್ ನಗರದ ಒಂದು ಶಾಲೆಯಲ್ಲಿ ಉಪಾಧ್ಯಾಯನಾದನು. ಅದೇ ವರುಷ ಸ್ವಿಟ್ಸರ್ಲೆಂಡಿಗೆ ಹೋಗಿ ಪೆಸ್ತಲೋಜಿಯೆಂಬ ಶಿಕ್ಷಣತಜ್ಞನನ್ನು ಕಂಡನು. 1808ರಿಂದ 1810ರವರೆಗೆ ಆತನ ಬಳಿಯಲ್ಲಿಯೇ ಇದ್ದು, ಮಗುವು ಪುಸ್ತಕಕ್ಕಿಂತ ಮೊದಲು ಕಣ್ಣು ಕೈಗಳಿಂದ ಕಲಿಯುವುದೆಂಬುದನ್ನು ಮನಗಂಡನು. 1813ರಲ್ಲಿ ನೆಪೋಲಿಯನ್ನನ ವಿರುದ್ಧ ಸ್ವಯಂಸೇವಕ ದಂಡನ್ನು ಸೇರಿದನು. ಅಲ್ಲಿ ಲಭಿಸಿದ ಲಾಂಗೆಥಾಲ್, ಮಿಡೆನ್‌ಡಾರ್ಫ್ ಎಂಬ ಇಬ್ಬರು ಗೆಳೆಯರು ಮುಂದೆ ಆತನ ಶಾಲೆಯ ಆಧಾರಸ್ತಂಭಗಳಾದರು.

ಅದೇ 1813ರಲ್ಲಿ ಅಣ್ಣನಾದ ಕ್ರಿಸ್ಟೋಫನು ಜ್ವರದಿಂದ ಮೃತನಾದನು. ತಂದೆಯಿಲ್ಲದ ಆ ಮಕ್ಕಳನ್ನು ಓದಿಸುವ ಹೊಣೆಯನ್ನು ಹೊತ್ತು ಫ್ರೋಬೆಲನು 1816ರಲ್ಲಿ ಗ್ರೀಸ್‌ಹೈಮಿನಲ್ಲಿ ಒಂದು ವಿದ್ಯಾಸಂಸ್ಥೆಯನ್ನು ತೆರೆದನು. ಮೊದಲ ವಿದ್ಯಾರ್ಥಿಗಳು ಐವರು. ಐವರೂ ಅಣ್ಣಂದಿರ ಮಕ್ಕಳು. ಅವರಲ್ಲಿ ಕಾರ್ಲ್ ಎಂಬ ಬಾಲಕನೊಬ್ಬನಿದ್ದನು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮರುವರುಷ ಶಾಲೆಯು ಕೈಲ್‌ಹೌ ಎಂಬ ಸಣ್ಣ ಹಳ್ಳಿಗೆ ಬಂದಿತು.

ಕೈಲ್‌ಹೌ ಶಾಲೆಯು ಬೆಳೆದು ವಿದ್ಯಾರ್ಥಿಗಳು ಸುಮಾರು 60 ಮಂದಿಯಾದರು. ಆಗಲೇ ರಾಜ್ಯಾಧಿಕಾರದ ಕಣ್ಣು ಅದರ ಮೇಲೆ ಬಿದ್ದಿತು. 1819ರ ತರುವಾಯ ಜರ್ಮನಿಯ ಅರಸರು ವಿದ್ಯಾರ್ಥಿಗಳಲ್ಲಿಯೂ ಗುರುಗಳಲ್ಲಿಯೂ ರಾಜದ್ರೋಹವನ್ನು ಹುಡುಕುತ್ತಿದ್ದರು. ಪ್ರಷ್ಯಾದ ಒತ್ತಾಯದಿಂದ ಸ್ಥಳೀಯ ಪ್ರಭುವು ತನ್ನ ಶಾಲಾ ಪರೀಕ್ಷಕನಾದ ತ್ಸೇ ಎಂಬಾತನನ್ನು ಕೈಲ್‌ಹೌಗೆ ಕಳುಹಿಸಿದನು. ಈತನು ಕೇಳಿದ ಮಾತನ್ನು ನಂಬಿ ವರದಿ ಬರೆಯಲಿಲ್ಲ. 1824ರಲ್ಲಿಯೂ 1825ರಲ್ಲಿಯೂ ಸ್ವತಃ ಬಂದು, ಪಾಠಗಳನ್ನು ಕೇಳಿ, ಗುರುಶಿಷ್ಯರು ಒಂದು ಮನೆಯವರಂತೆ ಬಾಳುವುದನ್ನು ಕಣ್ಣಾರೆ ಕಂಡು, ಮೆಚ್ಚಿಕೆಯ ವರದಿಯನ್ನೊಪ್ಪಿಸಿದನು. ಶಾಲೆಯು ಮುಚ್ಚದೆ ಉಳಿಯಿತು. ಆದರೂ ಊರವರ ಬಾಯಿಯನ್ನು ವರದಿಯು ಕಟ್ಟಲಾರದಷ್ಟೆ. ಹೆದರಿದ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು; 1829ರ ಹೊತ್ತಿಗೆ ಉಳಿದವರು 5 ಮಂದಿ ಮಾತ್ರ.

ಫ್ರೋಬೆಲನು ಲೆಕ್ಕಪತ್ರಗಳಲ್ಲಿ ಸಮರ್ಥನಲ್ಲ. ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. 1826ರಲ್ಲಿ ಪ್ರಕಟಿಸಿದ ಮನುಷ್ಯನ ಶಿಕ್ಷಣವೆಂಬ ಆತನ ಗ್ರಂಥವೂ ಸುಲಭವಾಗಿ ಅರ್ಥವಾಗತಕ್ಕುದಲ್ಲ. 1831ರಲ್ಲಿ ಆತನು ಪುನಃ ಸ್ವಿಟ್ಸರ್ಲೆಂಡಿಗೆ ತೆರಳಿ ಬುರ್ಗ್‌ಡಾರ್ಫಿನ ಅನಾಥಾಲಯದವರೆಗೆ ಹಲವೆಡೆ ದುಡಿದನು. ಶಾಲೆಗೆ ಬರುವ ಮೊದಲೇ ಮಕ್ಕಳ ಒಳ್ಳೆಯ ಕಾಲವು ಹಾಳಾಗಿಹೋಗುತ್ತಿದೆಯೆಂಬುದು ಆ ವರುಷಗಳಲ್ಲಿ ಆತನಿಗೆ ದೃಢವಾಯಿತು.

ಆದುದರಿಂದ 1837ರಲ್ಲಿ, ತನ್ನ 55ನೆಯ ವಯಸ್ಸಿನಲ್ಲಿ, ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳ ಆಟಪಾಟಗಳಿಗಾಗಿಯೇ ಒಂದು ಮನೆಯನ್ನು ತೆರೆದನು. ಅಲ್ಲಿ ಮಗುವಿಗೆ ಮೊದಲು ಕೊಡುತ್ತಿದ್ದುದು ಬಣ್ಣಬಣ್ಣದ ಆರು ಉಣ್ಣೆಯ ಚೆಂಡುಗಳು. ತರುವಾಯ ಮರದ ಗುಂಡು, ಉರುಳೆ, ಘನಚೌಕ. ಅನಂತರ ಎಂಟು ತುಂಡುಗಳಾಗಿ ಬಿಚ್ಚಿ ಮತ್ತೆ ಕೂಡಿಸಬಹುದಾದ ಘನಚೌಕ. ಇವುಗಳಿಗೆ ಆತನು ಕಾಣಿಕೆಗಳೆಂದು ಹೆಸರಿಟ್ಟನು. ಹಾಡು, ಕುಣಿತ, ಕಾಗದ ಮಡಿಸುವುದು, ಹೆಣೆಯುವುದು ಇವೆಲ್ಲವೂ ಇದ್ದುವು. ಎಲ್ಲಕ್ಕೂ ಮಿಗಿಲಾಗಿ ತೋಟವಿದ್ದಿತು: ಒಂದೊಂದು ಮಗುವಿಗೂ ಅದರದೇ ಆದ ಪುಟ್ಟ ಪಾತಿ, ಅವುಗಳೊಡನೆ ಎಲ್ಲರಿಗೂ ಸೇರಿದ ಸಾಮಾನ್ಯ ಪಾತಿ. ಗದ್ದೆ ತೋಟಗಳ ನಡುವೆ ಬೆಳೆದ ನಮ್ಮ ಸೀಮೆಯ ತಂದೆತಾಯಿಗಳಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಗುಂಡಿನಲ್ಲಿ ಜಗತ್ತಿನ ಐಕ್ಯವಡಗಿದೆ ಎಂಬಂಥ ಆತನ ತತ್ತ್ವಗಳನ್ನು ನಾವು ಅಷ್ಟಾಗಿ ಒಪ್ಪಲಾರೆವು. ಆ ತುಂಡುಗಳನ್ನು ಹಿಡಿದ ಮಗುವಿಗೂ ಅವು ಬೇಕಿರಲಿಲ್ಲ.

ಈ ಮನೆಗೆ ತಕ್ಕ ಹೆಸರು ಬಹುಕಾಲ ಹೊಳೆಯಲಿಲ್ಲ. ಗೆಳೆಯರೊಡನೆ ಬೆಟ್ಟದ ದಾರಿಯಲ್ಲಿ ನಡೆಯುತ್ತ, ಕೆಳಗೆ ತೋಟದಂತೆ ಹರಡಿದ್ದ ಬ್ಲಾಂಕೆನ್‌ಬುರ್ಗಿನ ಕಣಿವೆಯನ್ನು ನೋಡಿದಾಗ ಕಿಂಡರ್‌ಗಾರ್ಟನ್ ಎಂಬ ಪದವು ಹೊಳೆಯಿತೆಂದು ಆತನ ಸಂಗಡಿಗರು ತಿಳಿಸಿದ್ದಾರೆ. 1840ನೆಯ ಇಸವಿ ಜೂನ್ 28ರಂದು ಆ ಹೆಸರಿನ ಸಂಸ್ಥೆಯು ಸ್ಥಾಪಿತವಾಯಿತು. ಸ್ತ್ರೀಯರಿಗೆ ತರಬೇತನ್ನು ಕೊಟ್ಟು ಗುರುಗಳನ್ನಾಗಿಸುವ ಕಾರ್ಯವೂ ಇದರೊಡನೆ ಬೆಳೆಯಿತು. ಶಿಶುಗಳನ್ನು ನೋಡಿಕೊಳ್ಳಲು ಯಾರಾದರೂ ಸಾಕೆಂಬ ಭಾವನೆಯನ್ನು ಆತನು ಸುತರಾಂ ಸಹಿಸುತ್ತಿರಲಿಲ್ಲ.

ಇಷ್ಟರಲ್ಲಿ 1848ರ ಕ್ರಾಂತಿಯು ಬಂದು ಅಡಗಿತು. ಗೆದ್ದ ಅರಸರು ಮತ್ತೆ ಶಂಕೆಯ ಕಣ್ಣನ್ನು ತೆರೆದರು. ಅಣ್ಣನ ಮಗನಾದ ಕಾರ್ಲ್ ಫ್ರೋಬೆಲನು ಈಗ ಪ್ರಾಯಸ್ಥನಾಗಿ, ಹೆಣ್ಣುಮಕ್ಕಳ ಉನ್ನತ ಶಿಕ್ಷಣವನ್ನೂ ಕಿಂಡರ್‌ಗಾರ್ಟನ್‌ಗಳನ್ನೂ ಕುರಿತು ಒಂದು ಪುಸ್ತಿಕೆಯನ್ನು ಪ್ರಕಟಿಸಿದ್ದನು. ಆತನ ರಾಜಕೀಯ ಅಭಿಪ್ರಾಯಗಳು ಸರಕಾರಕ್ಕೆ ಹಿಡಿಸತಕ್ಕವಾಗಿರಲಿಲ್ಲ. ಪ್ರಷ್ಯಾದ ಶಿಕ್ಷಣ ಮಂತ್ರಿಯಾದ ಫಾನ್ ರೌಮರನು ಹೆಸರಿನ ಸಾಮ್ಯದಿಂದ ಚಿಕ್ಕಪ್ಪನನ್ನೂ ಮಗನನ್ನೂ ಒಂದಾಗಿ ಎಣಿಸಿ, ಕಿಂಡರ್‌ಗಾರ್ಟನ್‌ಗಳು ಮಕ್ಕಳಲ್ಲಿ ಸಮಾಜವಾದವನ್ನೂ ನಾಸ್ತಿಕತೆಯನ್ನೂ ಬಿತ್ತುತ್ತವೆಂದು ಸಾರಿ, 1851ನೆಯ ಇಸವಿ ಆಗಸ್ಟ್ 7ರಂದು ಅವುಗಳನ್ನು ರಾಜ್ಯದಲ್ಲೆಲ್ಲಾ ನಿಷೇಧಿಸಿದನು. ದೇವಭಕ್ತಿಯೇ ಉಸಿರಾಗಿದ್ದ ಬೋಧಕನ ಮಗನ ಮೇಲೆ ನಾಸ್ತಿಕತೆಯ ಆರೋಪ! ಯಾವ ಅನಾಥ ಬಾಲಕನನ್ನು ಓದಿಸಲು ಶಾಲೆಯನ್ನು ತೆರೆದನೋ ಆ ಬಾಲಕನ ಹೆಸರಿನಿಂದಲೇ ಆತನ ಬಾಳಿನ ದುಡಿಮೆಗೆ ಬೀಗ ಬಿದ್ದಿತು.

ಫ್ರೋಬೆಲನು ಆಗ ಪ್ರಷ್ಯಾದ ಹೊರಗೆ, ಮೈನಿಂಗೆನ್ ಪ್ರಭುವಿನ ಸೀಮೆಯ ಮೇರಿಯಂತಾಲಿನಲ್ಲಿದ್ದು ಸ್ತ್ರೀಯರಿಗೆ ತರಬೇತನ್ನು ಕೊಡುತ್ತಿದ್ದನು. ಆ ಶಾಲೆಗೆ ತೊಂದರೆಯಾಗಲಿಲ್ಲ. ತಾನು ಬೇರೆ, ಕಾರ್ಲನು ಬೇರೆಯೆಂದು ವಿವರಿಸಿ ಮಂತ್ರಿಗೆ ಬರೆದನು, ಫಲವಾಗಲಿಲ್ಲ. ಅರಸನಿಗೆ ಬಿನ್ನವಿಸಿಕೊಂಡನು, ಅದೂ ನಿಷ್ಫಲವಾಯಿತು. ಸೆಪ್ಟೆಂಬರಿನಲ್ಲಿ ಲೀಬೆನ್‌ಸ್ಟೈನಿನಲ್ಲಿ ಸೇರಿದ ಶಿಕ್ಷಣಜ್ಞರು ಆತನ ಪಕ್ಷವನ್ನು ಹಿಡಿದರೂ ಆಜ್ಞೆಯು ಹಾಗೆಯೇ ನಿಂತಿತು. 1852ನೆಯ ಇಸವಿ ಜೂನ್ 21ರಂದು ಫ್ರೋಬೆಲನು ಮೇರಿಯಂತಾಲಿನಲ್ಲಿ ದೇಹವನ್ನು ಬಿಟ್ಟನು. ಶ್ವೈನಾ ಗ್ರಾಮದಲ್ಲಿ ಆತನ ಸಮಾಧಿಯ ಮೇಲೆ ಘನಚೌಕ, ಉರುಳೆ, ಗುಂಡು ಇವನ್ನು ಒಂದರ ಮೇಲೊಂದಾಗಿ ನಿಲ್ಲಿಸಿದ್ದಾರೆ.

ನಿಷೇಧವು 1860ರಲ್ಲಿ ತೆಗೆಯಲ್ಪಟ್ಟಿತು. ಅದಕ್ಕಾಗಿ ವರುಷಗಟ್ಟಲೆ ಹೋರಾಡಿದವಳು ಬೆರ್ತಾ ಫಾನ್ ಮಾರೆನ್‌ಹೋಲ್ಟ್ಸ್ ಎಂಬ ಕುಲೀನ ಸ್ತ್ರೀ. ಆ ವೇಳೆಗೆ ತೋಟದ ಬೀಜವು ದೂರ ಹಾರಿತ್ತು: 1856ರಲ್ಲಿ ಮಾರ್ಗರೆಥೆ ಶೂರ್ಟ್ಸಳು ಅಮೆರಿಕದ ವಾಟರ್‌ಟೌನಿನಲ್ಲಿ ತನ್ನ ಮನೆಯಲ್ಲಿಯೇ ಕಿಂಡರ್‌ಗಾರ್ಟನ್ನನ್ನು ಆರಂಭಿಸಿದ್ದಳು. ನಮ್ಮ ದೇಶಕ್ಕೆ ಈ ಪದ್ಧತಿಯನ್ನು ತಂದವರಲ್ಲಿ ಮಿಷನ್ ಶಾಲೆಗಳ ಉಪಾಧ್ಯಾಯಿನಿಯರೂ ಸೇರಿದ್ದರು.

ಇನ್ನು ನಮ್ಮ ಸೀಮೆಯ ಮಾತು. ಸರಕಾರವು ಶಿಶುವಿಹಾರವನ್ನು ನಿಷೇಧಿಸುವ ಕಾಲ ಹೋಗಿ, ಅದನ್ನು ನಡೆಯಿಸುವ ಕಾಲ ಬಂದಿದೆ. 1975ನೆಯ ಇಸವಿ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿಗಳ ಯೋಜನೆಯು ಆರಂಭವಾದಾಗ, ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ. ಮೂರರಿಂದ ಆರು ವರುಷದ ಮಕ್ಕಳ ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸಗಳಲ್ಲೊಂದು. ಆರು ವರುಷದೊಳಗಿನ ಮಕ್ಕಳ ಪಾಲನೆಗೂ ಶಿಕ್ಷಣಕ್ಕೂ ಸರಕಾರವು ಯತ್ನಿಸಬೇಕೆಂಬ ಮಾತು 2002ರ ತಿದ್ದುಪಡಿಯಿಂದ ರಾಜ್ಯಾಂಗದ 45ನೆಯ ವಿಧಿಯಲ್ಲಿ ಸೇರಿತು. ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಮಾತ್ರ ಹಕ್ಕನ್ನು ಕೊಟ್ಟಿತು. ಅದಕ್ಕಿಂತ ಎಳೆಯರ ವಿಷಯದಲ್ಲಿ, ಸರಕಾರವು ಏರ್ಪಾಡು ಮಾಡಬಹುದೆಂದಷ್ಟೇ ಅದರ 11ನೆಯ ಪ್ರಕರಣವು ಹೇಳುತ್ತದೆ. ಮಾಡಬೇಕೆಂಬುದಕ್ಕೂ ಮಾಡಬಹುದೆಂಬುದಕ್ಕೂ ಎಷ್ಟು ದೂರವೆಂಬುದನ್ನು ತಾಯಂದಿರು ಬಲ್ಲರು.

ಖಾಸಗಿಯವರು ನಡೆಯಿಸುವ ಪೂರ್ವ ಪ್ರಾಥಮಿಕ ಶಾಲೆಗಳು 1983ರ ಕರ್ನಾಟಕ ಶಿಕ್ಷಣ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಈ ಕಾಯಿದೆಯು ಜಾರಿಗೆ ಬಂದದ್ದು 1995ರಲ್ಲಿ. ಶಾಲೆಯನ್ನು ತೆರೆಯುವವರು ಶಿಕ್ಷಣ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಕಟ್ಟಡದ ಭದ್ರತೆ, ಬೆಂಕಿಯಿಂದ ರಕ್ಷಣೆ ಮುಂತಾದುವಕ್ಕೆ ಪ್ರಮಾಣಪತ್ರಗಳನ್ನು ಒದಗಿಸತಕ್ಕದ್ದು. ಅಂಗನವಾಡಿಗಳಾದರೋ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದುವು. ಒಂದೇ ಬೀದಿಯ ಒಂದೇ ವಯಸ್ಸಿನ ಇಬ್ಬರು ಮಕ್ಕಳನ್ನು ಹೀಗೆ ಎರಡು ಇಲಾಖೆಗಳು ನೋಡಿಕೊಳ್ಳುತ್ತಿವೆ.

ಪ್ರಮಾಣಪತ್ರಗಳು ಬೇಕೇ ಬೇಕು. ಬಿದ್ದುಹೋಗುವ ಗೋಡೆಯ ಕೆಳಗೆ ಮಗುವನ್ನು ಕೂರಿಸಲಾಗದು. ಆದರೆ ತ್ಸೇ ಎಂಬ ಪರೀಕ್ಷಕನು ಕೈಲ್‌ಹೌಗೆ ಎರಡು ಸಲ ಹೋಗಿ ನೋಡಿದ ಸಂಗತಿಗಳು ಯಾವ ಪ್ರಮಾಣಪತ್ರದಲ್ಲಿಯೂ ಬರತಕ್ಕವಲ್ಲ. ರೌಮರನಾದರೋ ಕಾಗದದ ಮೇಲಿನ ಹೆಸರೊಂದನ್ನು ಕಂಡೇ ತೀರ್ಪನ್ನು ಕೊಟ್ಟನು. ಮದ್ದೂರಿನಲ್ಲಾಗಲಿ ಮಳವಳ್ಳಿಯಲ್ಲಾಗಲಿ ಮಂಡ್ಯದಲ್ಲಾಗಲಿ ಮಗುವನ್ನು ಸೇರಿಸಲು ಹೋಗುವ ತಂದೆತಾಯಿಗಳು ನೋಂದಣಿಯ ಪತ್ರವನ್ನು ತೋರಿಸಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಸಂಶಯ ಬಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಉಪಾಧ್ಯಾಯಿನಿಯು ಎಲ್ಲಿ ತರಬೇತು ಪಡೆದವಳು, ಮೂರು ವರುಷದ ಕೂಸಿನ ಕೈಗೆ ಬಳಪವನ್ನು ಕೊಡುತ್ತಾರೆಯೋ ಚೆಂಡನ್ನು ಕೊಡುತ್ತಾರೆಯೋ, ಅಂಗಳದಲ್ಲಿ ಒಂದು ಪಾತಿಯಷ್ಟಾದರೂ ಮಣ್ಣು ಉಳಿದಿದೆಯೋ ಎಂಬುದನ್ನು ಮಾತ್ರ ತಾವೇ ಒಳಹೊಕ್ಕು ನೋಡಿ ಬರಬೇಕು.