ಹೆಸರಿನಲ್ಲೇ ನಾಡನ್ನು ಹೊತ್ತ ಗಾಯಕಿ: ಅಮೀರಬಾಯಿ ಕರ್ನಾಟಕಿ



ಸೊಲ್ಲಾಪುರ, ಅಕ್ಕಲಕೋಟ ಭಾಗದ ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಹಳೆಯ ಹಿಂದಿ ಹಾಡುಗಳನ್ನು ಗುನುಗುವುದನ್ನು ಕೇಳಿದ್ದೇವೆ. ಅವುಗಳಲ್ಲಿ ಕೆಲವನ್ನು ಹಾಡಿದಾಕೆ ನಮ್ಮ ನೆರೆಯ ವಿಜಾಪುರ ಸೀಮೆಯ ಹೆಣ್ಣುಮಗಳು ಎಂಬುದು ಇಂದಿನ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ. ಅವರೇ ಅಮೀರಬಾಯಿ ಕರ್ನಾಟಕಿ.

ಅಮೀರಬಾಯಿ ಹುಟ್ಟಿದ್ದು 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಬೀಳಗಿಯಲ್ಲಿ. ಆಗ ಅದು ವಿಜಾಪುರ ಜಿಲ್ಲೆಯಲ್ಲಿತ್ತು, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಮನೆತನದಲ್ಲಿ ಸಂಗೀತ, ನಾಟಕ ಎರಡೂ ಇದ್ದವು. ಅಕ್ಕತಂಗಿಯರಲ್ಲಿ ಗೋಹರಬಾಯಿ ಮುಂದೆ ಬಾಲಗಂಧರ್ವರ ಕಂಪನಿ ಸೇರಿ ಮರಾಠಿ ರಂಗಭೂಮಿಯಲ್ಲಿ ಹೆಸರಾದರು. ಅಮೀರಬಾಯಿ ಮುಂಬಯಿಯ ದಾರಿ ಹಿಡಿದರು. ಅಲ್ಲಿ ಮೊದಲು ಗ್ರಾಮಫೋನ್ ತಟ್ಟೆ, ಆಮೇಲೆ ಚಿತ್ರರಂಗ. 1934ರ ‘ವಿಷ್ಣುಭಕ್ತಿ’ ಚಿತ್ರದಿಂದ ನಟನೆಯೂ ಶುರುವಾಯಿತು. 1940ರ ‘ನರಸಿ ಭಗತ್’ ಚಿತ್ರದಲ್ಲಿ ವಿಷ್ಣುಪಂತ ಪಾಗನೀಸರೊಂದಿಗೆ ಗಾಂಧೀಜಿಯವರ ಮೆಚ್ಚಿನ ಭಜನೆಗೆ ದನಿಯಾದರು.

ಇಡೀ ದೇಶ ಅವರ ಹೆಸರು ಕೇಳಿದ್ದು 1943ರಲ್ಲಿ, ಬಾಂಬೆ ಟಾಕೀಸ್‌ನ ‘ಕಿಸ್ಮತ್’ ಬಂದಾಗ. ಸಂಗೀತ ಅನಿಲ್ ಬಿಸ್ವಾಸ್ ಅವರದು, ಗೀತೆಗಳು ಕವಿ ಪ್ರದೀಪರವು. ಅದರ ದೇಶಭಕ್ತಿ ಗೀತೆಯನ್ನು ಅಮೀರಬಾಯಿ ಖಾನ್ ಮಸ್ತಾನಾ ಮತ್ತು ಮೇಳದವರ ಜೊತೆ ಹಾಡಿದರು. ಅದು ಎರಡನೆಯ ಮಹಾಯುದ್ಧದ ಕಾಲ. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರಿದ್ದುದರಿಂದ ಸೆನ್ಸಾರ್ ದಾಟಿತು. ಆದರೆ ಪರಕೀಯರು ಯಾರು ಎಂಬುದು ಪ್ರೇಕ್ಷಕರಿಗೆ ಹೇಳದೆಯೇ ತಿಳಿದಿತ್ತು! ಕೋಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಮರುವರ್ಷ ನೌಷಾದರ ಸಂಗೀತದ ‘ರತನ್’ ಚಿತ್ರಕ್ಕೂ ಹಾಡಿದರು. 1948ರ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ನೀಡಿದರು. ಮಹಿಳಾ ಸಂಗೀತ ನಿರ್ದೇಶಕರು ಬೆರಳೆಣಿಕೆಯಷ್ಟೇ ಇದ್ದ ಕಾಲವದು.

ಬದುಕು ಮಾತ್ರ ಹಾಡಿನಷ್ಟು ಸಲೀಸಾಗಿರಲಿಲ್ಲ. ನಟ ಹಿಮಾಲಯವಾಲಾ ಅವರೊಂದಿಗಿನ ಮದುವೆ ನೆಮ್ಮದಿ ಕೊಡಲಿಲ್ಲ. ಅದರಿಂದ ಬಿಡುಗಡೆ ಪಡೆದು, ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರ ಕೈಹಿಡಿದರು. ಲತಾ ಮಂಗೇಶ್ಕರ್ ಅವರ ಕಾಲ ಆರಂಭವಾದಂತೆ ಹಾಡುವ ಅವಕಾಶಗಳು ಇಳಿದವು. ಅಮೀರಬಾಯಿ ಪೋಷಕ ಪಾತ್ರಗಳಲ್ಲಿ ನಟಿಸುತ್ತ ಕೆಲಸ ಮುಂದುವರಿಸಿದರು. 1965ರ ಮಾರ್ಚ್‌ನಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರನ್ನು ಉಳಿಸಿದೆ.

ಗಡಿನಾಡಿನವರಾದ ನಮಗೆ ಆ ಅಡ್ಡಹೆಸರು ಬಹಳ ಆಪ್ತ. ಅಮೀರಬಾಯಿ ಮುಂಬಯಿಗೆ ಹೋದಾಗ ಸೊಲ್ಲಾಪುರ, ವಿಜಾಪುರ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು. ಅಕ್ಕಲಕೋಟ ಬೇರೆ ಸಂಸ್ಥಾನವಾಗಿತ್ತು. ನಕಾಶೆಯಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. 1956ರಲ್ಲಿ ವಿಜಾಪುರ ಮೈಸೂರು ರಾಜ್ಯ ಸೇರಿತು, ನಾವು ಈಚೆ ಉಳಿದೆವು. ಆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅಮೀರಬಾಯಿ ತೀರಿಕೊಂಡು ಎಂಟು ವರ್ಷಗಳ ಮೇಲೆ. ಸರಕಾರಕ್ಕಿಂತ ಎಷ್ಟೋ ಮೊದಲು ಆ ಹೆಸರನ್ನು ತಟ್ಟೆಗಳ ಮೇಲೆ, ಬೆಳ್ಳಿತೆರೆಯ ಮೇಲೆ ಬರೆಸಿದವರು ಅವರು.

ನಾಡು ಎಂಬುದು ಗಡಿಕಲ್ಲಿನಿಂದ ಮಾತ್ರ ಆಗುವುದಲ್ಲ. ಇಂದು ಸಂಜೆ ಮನೆಯ ಹಿರಿಯರ ಜೊತೆ ಕುಳಿತು ಅಮೀರಬಾಯಿಯವರ ಒಂದು ಹಾಡನ್ನು ಕೇಳಿ, ಮಕ್ಕಳಿಗೂ ಕೇಳಿಸಿರಿ.