ಗಜಶಿಕ್ಷಣದ ಸಾಧಕ ಸ್ಯಾಂಡರ್‌ಸನ್ ಸಾಹೇಬರು

ಚತುರಂಗ ಬಲದಲ್ಲಿ ಗಜತುರಗಗಳಿಗೆ ನಮ್ಮ ಪೂರ್ವಿಕರು ಕೊಟ್ಟಿದ್ದ ಸ್ಥಾನ ಸಾಮಾನ್ಯವಾದುದಲ್ಲ. ಕುದುರೆಗೆ ಶಾಲಿಹೋತ್ರನ ಶಾಸ್ತ್ರವಾದರೆ ಆನೆಗೆ ಪಾಲಕಾಪ್ಯನ ಶಾಸ್ತ್ರ. ಜಾತಿ, ಲಕ್ಷಣ, ಆಹಾರ, ರೋಗ, ಚಿಕಿತ್ಸೆ ಎಲ್ಲವನ್ನೂ ಅರಿತ ಬಳಿಕವೇ ಪ್ರಾಣಿಯನ್ನು ಕೆಲಸಕ್ಕೆ ಹಚ್ಚಬೇಕೆಂಬುದು ಈ ಶಾಸ್ತ್ರಗಳ ಮರ್ಮ. ಕಡಿವಾಣವೂ ಅಂಕುಶವೂ ದೇಹವನ್ನು ತಡೆಯಬಲ್ಲವೇ ಹೊರತು ಮನಸ್ಸನ್ನು ಒಲಿಸಲಾರವು. ಈ ಶಾಸ್ತ್ರಾರ್ಥವನ್ನು ನಮ್ಮದೇ ಸೀಮೆಯ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಕಾಡನ್ನೇ ಪಾಠಶಾಲೆಯಾಗಿ ಮಾಡಿಕೊಂಡು ಕಲಿತ ಪರದೇಶೀಯರೊಬ್ಬರಿದ್ದರು. ಅವರೇ ಜಾರ್ಜ್ ಪೆರೆಸ್ ಸ್ಯಾಂಡರ್‌ಸನ್.

ಸ್ಯಾಂಡರ್‌ಸನ್ನರ ಜನನ 1848ರಲ್ಲಿ, ಭರತಖಂಡದಲ್ಲಿಯೇ. ತಂದೆ ಡೇನಿಯಲ್ ಸ್ಯಾಂಡರ್‌ಸನ್ನರು ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು. ಕನ್ನಡಿಗರು ಅವರ ಹೆಸರನ್ನು ಮರೆಯುವಂತಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದ ಟಿಪ್ಪಣಿಗಳೊಡನೆ 1852ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದವರು ಅವರು. ರೀವ್ ಅವರ ಕನ್ನಡ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದವರೂ ಅವರೇ. ಯಜ್ಞಾಶ್ವದ ಹೆಜ್ಜೆಯನ್ನು ಅನುಸರಿಸಿ ನಡೆಯುವ ಕಾವ್ಯವನ್ನು ತಂದೆ ಶೋಧಿಸಿದರೆ, ಕಾಡಾನೆಯ ಹೆಜ್ಜೆಯನ್ನು ಅನುಸರಿಸುವ ಬಾಳು ಮಗನ ಪಾಲಿಗೆ ಬಂದಿತು.

ಬಾಲ್ಯದ ವಿದ್ಯಾಭ್ಯಾಸವನ್ನು ಇಂಗ್ಲೆಂಡಿನಲ್ಲಿ ಮುಗಿಸಿ 1864ರಲ್ಲಿ ಈ ದೇಶಕ್ಕೆ ಮರಳಿದಾಗ ಸ್ಯಾಂಡರ್‌ಸನ್ನರಿಗೆ ಹದಿನಾರರ ಹರೆಯ. ಅವರು ಕನ್ನಡವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಮೈಸೂರು ಸರ್ಕಾರದ ನೀರಾವರಿ ಇಲಾಖೆಯನ್ನು ಸೇರಿ, ನದೀಕಾಲುವೆಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಕಾಲುವೆಯ ಅಂಚಿನಲ್ಲಿ ಅಡ್ಡಾಡುವವರಿಗೆ ರೈತರ ಕಷ್ಟ ಅರಿವಾಗದೆ ಇರುವುದಿಲ್ಲ. ಕಾಡಂಚಿನ ಹೊಲಗದ್ದೆಗಳಿಗೆ ಆನೆಯ ಹಿಂಡು ನುಗ್ಗಿ ಒಂದೇ ರಾತ್ರಿಯಲ್ಲಿ ವರ್ಷದ ಅನ್ನವನ್ನು ಮಣ್ಣುಪಾಲು ಮಾಡುವುದನ್ನು ಅವರು ಕಂಡರು. ಬೇಟೆಯಲ್ಲಿಯೂ ಅವರಿಗೆ ಅತಿಶಯವಾದ ಆಸಕ್ತಿಯಿತ್ತು. ಹುಲಿ, ಕಾಡೆಮ್ಮೆ, ಪುಂಡಾನೆಗಳನ್ನು ಅವರ ಕೋವಿ ಬಲಿ ತೆಗೆದುಕೊಂಡಿದೆ. ಚರಿತ್ರೆಯನ್ನು ಹೇಳುವಲ್ಲಿ ಇದನ್ನು ಮರೆಮಾಚುವುದು ಸಲ್ಲದು.

1873ರಲ್ಲಿ ಅವರ ಜೀವನದ ದಿಕ್ಕು ಬದಲಾಯಿತು. ಬೆಳೆಗೆ ಕಂಟಕವಾದ ಆನೆಗಳನ್ನು ಕೊಲ್ಲುವುದಕ್ಕಿಂತ ಜೀವಸಹಿತ ಹಿಡಿದು ಪಳಗಿಸುವುದು ಲೇಸೆಂದು ಬಗೆದು, ಸರ್ಕಾರವು ಆ ಕಾರ್ಯವನ್ನು ಅವರಿಗೆ ಒಪ್ಪಿಸಿತು. ಆಗ ಅವರು ಆನೆ ಹಿಡಿಯುವುದನ್ನು ಕಣ್ಣಾರೆ ಕಂಡವರೂ ಆಗಿರಲಿಲ್ಲ. ನೂರು ವರ್ಷಗಳ ಹಿಂದೆ ಹೈದರಾಲಿಯು ಕಾಕನಕೋಟೆಯ ಅರಣ್ಯದಲ್ಲಿ ಈ ಯತ್ನವನ್ನು ಮಾಡಿ ಸೋತು, ಇನ್ನು ಯಾರಾದರೂ ಕೈಹಾಕಿದರೆ ಅವರಿಗೆ ಶಾಪ ತಟ್ಟಲೆಂದು ಕಲ್ಲಿನಲ್ಲಿ ಬರೆಸಿದನೆಂಬ ವೃತ್ತಾಂತವು ಪ್ರಸಿದ್ಧವಾಗಿತ್ತು.

ಸ್ಯಾಂಡರ್‌ಸನ್ನರು ಚಾಮರಾಜನಗರದ ಸಮೀಪ, ಬೆಟ್ಟದ ಪಶ್ಚಿಮದ ಮಗ್ಗುಲಿನಲ್ಲಿ ಬೀಡುಬಿಟ್ಟರು. ಬೆಟ್ಟದ ಬುಡದಲ್ಲಿ ಹರಿಯುವ ಹೊನ್ನುಹೊಳೆಯು ಯಳಂದೂರನ್ನು ಹಾದು, ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಅಂದು ಯಳಂದೂರು ದಿವಾನ್ ಪೂರ್ಣಯ್ಯನವರ ವಂಶಸ್ಥರ ಜಹಗೀರು. ಬೆಟ್ಟದಾಚೆಯ ಕೊಳ್ಳೇಗಾಲ, ಹನೂರುಗಳು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ರಾಜ್ಯದ ಗಡಿ ಮನುಷ್ಯರಿಗೆ ಮಾತ್ರ. ಆನೆಗಳು ಎರಡೂ ಕಡೆ ಸ್ವೇಚ್ಛೆಯಾಗಿ ಸಂಚರಿಸುತ್ತಿದ್ದವು. ಅವುಗಳ ದಾರಿ, ನೀರು, ಮೇವು, ಹೊತ್ತುಗೊತ್ತುಗಳನ್ನು ಬಲ್ಲವರು ಬೆಟ್ಟದ ಸೋಲಿಗರು. ಅಧಿಕಾರದ ಗತ್ತನ್ನು ಬದಿಗಿಟ್ಟು, ಸೋಲಿಗರಿಂದಲೂ ತಪ್ಪಲಿನ ಹಳ್ಳಿಗರಿಂದಲೂ ಕನ್ನಡದಲ್ಲಿಯೇ ಕೇಳಿ ಕಲಿತದ್ದು ಸ್ಯಾಂಡರ್‌ಸನ್ನರ ದೊಡ್ಡ ಗುಣ. ಕಲಿಯಬಲ್ಲವನೇ ಕಲಿಸಬಲ್ಲನಷ್ಟೆ!

1874ರ ಜೂನ್ ತಿಂಗಳಿನಲ್ಲಿ ಹೊನ್ನುಹೊಳೆಯ ದಂಡೆಯ ಕುಂಬಪ್ಪನ ಗುಡಿಯ ಬಳಿ ಖೆಡ್ಡಾ ಸಫಲವಾಯಿತು. ಐವತ್ತಕ್ಕೂ ಮಿಕ್ಕ ಆನೆಗಳ ಹಿಂಡು ಆವರಣದೊಳಗೆ ಬಂದಿತು. ಅಂದು ದಕ್ಷಿಣದಲ್ಲಿ ರೂಢಿಯಲ್ಲಿದ್ದದ್ದು ಗುಂಡಿ ತೋಡಿ ಆನೆಯನ್ನು ಕೆಡವುವ ಕ್ರಮ. ಅದರಲ್ಲಿ ಕಾಲು ಮುರಿದು, ಗಾಯ ಕೊಳೆತು ಸಾಯುತ್ತಿದ್ದ ಪ್ರಾಣಿಗಳು ಬಹಳ. ಸ್ಯಾಂಡರ್‌ಸನ್ನರು ಆ ಕ್ರಮವನ್ನು ಕಟುವಾಗಿ ಖಂಡಿಸಿದರು.

ಆದರೆ ಹಿಡಿದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ನಿಜವಾದ ಕಾರ್ಯ ಆರಂಭವಾದದ್ದೇ ಆ ಬಳಿಕ. ಪಳಗಿದ ಆನೆಗಳ ಮೇಲೆ ಮಾವುತರು ಆವರಣವನ್ನು ಪ್ರವೇಶಿಸುವರು. ಆನೆಯ ಕೊರಳ ಮೇಲೆ ಕುಳಿತ ಮನುಷ್ಯನನ್ನು ಕಾಡಾನೆಗಳು ಸಾಮಾನ್ಯವಾಗಿ ಮುಟ್ಟವು. ಎರಡು ಸಾಕಾನೆಗಳು ಇಕ್ಕೆಲದಲ್ಲಿ ಒತ್ತಿ ನಿಂತಾಗ ಮಾವುತನು ಮೆಲ್ಲನೆ ಇಳಿದು ಹಿಂಗಾಲಿಗೆ ಹಗ್ಗ ಬಿಗಿಯುವನು. ಆ ಗಳಿಗೆಯಲ್ಲಿ ಅವನ ಪ್ರಾಣವಿರುವುದು ತನ್ನ ಆನೆಯ ಮೇಲಣ ನಂಬಿಕೆಯಲ್ಲಿ. ಅನಂತರ ಸೆರೆಯ ಆನೆಯನ್ನು ಮರಕ್ಕೆ ಕಟ್ಟಿ, ನೀರು ಮೇವುಗಳನ್ನಿತ್ತು, ಹಾಡುತ್ತ ಹತ್ತಿರ ಸುಳಿದು, ಉದ್ದನೆಯ ಬಿದಿರಕೋಲಿನಿಂದ ಮೈಯುಜ್ಜಿ, ಕಬ್ಬಿನ ತುಂಡನ್ನು ನೀಡುವರು. ದಿನಗಳೆದಂತೆ ಕೋಲು ಗಿಡ್ಡವಾಗಿ ಕೈ ಹತ್ತಿರವಾಗುವುದು. ಮನುಷ್ಯನ ದನಿಗೆ ಬೆದರುತ್ತಿದ್ದ ಪ್ರಾಣಿ ಅದೇ ದನಿಗೆ ಕಿವಿಯಾನುವುದು. ಕೆಲವೇ ತಿಂಗಳುಗಳಲ್ಲಿ ಅದು ಮಾವುತನನ್ನು ಹೊತ್ತು ನಡೆಯುವುದು.

ಆನೆಯ ಹಿರಿಮೆ ಅದರ ಬುದ್ಧಿಯಲ್ಲಿದೆ ಎಂಬ ಜನಪ್ರಿಯ ಅಭಿಪ್ರಾಯವನ್ನು ಸ್ಯಾಂಡರ್‌ಸನ್ನರು ಒಪ್ಪಲಿಲ್ಲ. ಅದರ ವಿಧೇಯತೆ, ಸೌಮ್ಯಸ್ವಭಾವ, ತಾಳ್ಮೆಗಳೇ ಅದರ ಭೂಷಣಗಳೆಂಬುದು ಅವರ ನಿರ್ಣಯ. ಅಂಥ ತಾಳ್ಮೆಯ ಪ್ರಾಣಿಯನ್ನು ನೋಡಿಕೊಳ್ಳುವವನಲ್ಲಿ ತಾಳ್ಮೆ ಇಲ್ಲದಿದ್ದರೆ ದೋಷ ಯಾರದೆಂಬುದನ್ನು ಹೇಳಬೇಕಾಗಿಲ್ಲ. ಹಗ್ಗ ಉಜ್ಜಿದ ಗಾಯ, ಸಾಲದ ಮೇವು, ಮಿತಿಮೀರಿದ ದುಡಿಮೆ, ಇವು ಸೆರೆಯಾನೆಗಳ ಪರಮಶತ್ರುಗಳೆಂದು ಅವರು ಕಂಡುಕೊಂಡಿದ್ದರು.

1875ರಲ್ಲಿ ಸರ್ಕಾರವು ಅವರನ್ನು ಬಂಗಾಳದ ಢಾಕಾ ಖೆಡ್ಡಾ ಇಲಾಖೆಗೆ ಕಳುಹಿಸಿತು. ಚಿತ್ತಗಾಂಗಿನ ಬೆಟ್ಟಗಳಲ್ಲಿ 1876ರಲ್ಲಿ 85 ಆನೆಗಳು ಅವರ ನೇತೃತ್ವದಲ್ಲಿ ಸೆರೆಯಾದವು. ತಮ್ಮ ಹದಿಮೂರು ವರ್ಷಗಳ ಅರಣ್ಯಾನುಭವವನ್ನು ಅವರು 1878ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಆನೆಯ ಮುಂಗಾಲಿನ ಪಾದದ ಸುತ್ತಳತೆಯನ್ನು ಇಮ್ಮಡಿಸಿದರೆ ಅದರ ಎತ್ತರ ದೊರೆಯುವುದೆಂಬ ಲೆಕ್ಕವನ್ನೂ ಅಲ್ಲಿ ಕಾಣಬಹುದು. ಕಿಪ್ಲಿಂಗ್ ಕವಿಯ ಆನೆಯ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಸ್ಯಾಂಡರ್‌ಸನ್ನರೇ ಮಾದರಿಯೆಂದು ಹಲವರು ಗುರುತಿಸಿದ್ದಾರೆ. 1889ರಲ್ಲಿ, ಶ್ರೀ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಆಂಗ್ಲ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಆಗಮಿಸಿದ ಸಂದರ್ಭದಲ್ಲಿ, ಹೈದರಾಲಿ ಸೋತ ಅದೇ ಕಾಕನಕೋಟೆಯಲ್ಲಿ ಅವರು ಖೆಡ್ಡಾ ನಡೆಸಿ ಗೆದ್ದರು. 1892ರಲ್ಲಿ, ನಲವತ್ತನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಅವರ ಜೀವನಯಾತ್ರೆ ಕೊನೆಗೊಂಡಿತು.

ದಯೆಯನ್ನು ಧರ್ಮದ ಬೇರೆಂದು ನಂಬಿದ ಶರಣರ ನಾಡಿನಲ್ಲಿ ಈ ಜೀವನವನ್ನು ತೂಗಿ ನೋಡುವುದು ಅನಿವಾರ್ಯ. ಖೆಡ್ಡಾದಲ್ಲಿ ಮಡಿದ ಆನೆಗಳೂ ಇದ್ದವು, ತಾಯಿಯನ್ನು ಅಗಲಿದ ಮರಿಗಳೂ ಇದ್ದವು. ಮೊದಲು ಸ್ವಾತಂತ್ರ್ಯವನ್ನು ಕಸಿದು ಆಮೇಲೆ ಒಲವನ್ನಿತ್ತರೆ ಆ ಒಲವು ಋಣಮುಕ್ತವೆನಿಸಲಾರದು. ಕಾಲವೂ ಈ ತೀರ್ಪನ್ನೇ ಕೊಟ್ಟಿದೆ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅತ್ಯುನ್ನತ ರಕ್ಷಣೆ 1977ರಲ್ಲಿ ಆನೆಗೆ ದೊರೆಯಿತು. ಬಿಳಿಗಿರಿಯ ಅರಣ್ಯವು 1974ರಲ್ಲಿ ಅಭಯಾರಣ್ಯವೂ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಆದರೂ ಯಳಂದೂರು, ಕೊಳ್ಳೇಗಾಲ, ಹನೂರುಗಳ ಕಾಡಂಚಿನ ರೈತನು ರಾತ್ರಿ ಹೊಲ ಕಾಯುವುದು ತಪ್ಪಿಲ್ಲ. ಆದಕಾರಣ ಸ್ಯಾಂಡರ್‌ಸನ್ನರ ಮುಂದಿದ್ದ ಪ್ರಶ್ನೆ ಇಂದಿಗೂ ನಮ್ಮ ಮುಂದಿದೆ.

ಅವರ ಹಗ್ಗವನ್ನೂ ಕೋವಿಯನ್ನೂ ಕಾಲ ಬದಿಗಿರಿಸಿದೆ. ಬಲ್ಲವರಲ್ಲಿ ಕೇಳಿ ಕಲಿಯುವ ವಿನಯ, ಬೆದರಿದ ಜೀವದ ಬಳಿಗೆ ದಿನಕ್ಕೊಂದು ಹೆಜ್ಜೆಯಂತೆ ಸಾಗುವ ಸಹನೆ, ಹಸಿವನ್ನೂ ಗಾಯವನ್ನೂ ಮೊದಲು ವಿಚಾರಿಸುವ ಕಾಳಜಿ, ಇವು ಉಳಿಯತಕ್ಕವು. ಮಕ್ಕಳನ್ನು ತಿದ್ದುವ ಕಾಯಕವನ್ನು ಕೈಗೊಂಡವರಿಗೆ ಇವುಗಳ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.